ಚಂದ್ರಮತಿ ಏರಿಸಿದ ಕೊಡಿ

ಸುಬ್ರಾಯ ಐತಾಳರು ಹೋಟೆಲಿನಿಂದ ಮನೆಗೆ ಬರುವಾಗ ತಲೆ ಎತ್ತಿ ನಡೆದವರಲ್ಲ. ನುಂಗಂಬಾಕ್ಕಂನ ಆ ಬೀದಿಯಲ್ಲಿ ತಲೆ ಎತ್ತಿ ನಡೆದವನ ಕಾಲಿಗೆ ಸೆಗಣಿ ತಪ್ಪಿದ್ದಲ್ಲ ಎಂಬುದು ಅವರ ಹದಿನೈದು ವರ್ಷಗಳ ಅನುಭವ. ಆ ಮಧ್ಯಾಹ್ನ ಮಾತ್ರ ಬೀದಿಯಲ್ಲಿ ಏಳೆಂಟು ಜನ ನಿಂತು ಮೇಲೆ ನೋಡುತ್ತಿದ್ದರು. ಅವರು ನೋಡುತ್ತಿರುವುದು ತಮ್ಮ ಮನೆಯ ತಾರಸಿಯನ್ನೇ ಎಂದು ತಿಳಿದಾಗ ಐತಾಳರೂ ತಲೆ ಎತ್ತಿದರು.

ತಾರಸಿಯ ಮೇಲೆ ಬಾವುಟವೊಂದು ಹಾರುತ್ತಿತ್ತು.

ಒಂಬತ್ತು ವರ್ಷ ಸೇನೆಯ ಸಿಗ್ನಲ್ಸ್‌ನಲ್ಲಿ ದುಡಿದು, ಬರ್ಮಾದ ಕಾಡನ್ನೂ ಮಲೇರಿಯಾವನ್ನೂ ದಾಟಿ, ಹವಾಲ್ದಾರರಾಗಿ ಹೊರಬಂದ ಮನುಷ್ಯ. ಹೋಟೆಲಿನ ಮ್ಯಾನೇಜರ್ ಆದ ಮೇಲೂ ಅವರ ಎದೆಯೊಳಗೆ ಬೆಳಿಗ್ಗೆ ಆರಕ್ಕೆ ಬಿಗಿಲು ಊದುತ್ತಿತ್ತು. ಹಡಗಿನ ಬಾವುಟ, ಫಿರಂಗಿಯವರ ಬಾವುಟ, ಜನರಲ್ ಸಾಹೇಬರ ಕಾರಿನ ಬಾವುಟ, ಯಾವುದನ್ನು ತೋರಿಸಿದರೂ ಕುಲಗೋತ್ರ ಹೇಳಬಲ್ಲರು. ಇದು ಮಾತ್ರ ಗೊತ್ತಾಗಲಿಲ್ಲ. ಕೆಂಪು ಅಂಚು, ಒಳಗೆ ಅರ್ಧ ಬಿಳಿ, ಅರ್ಧ ಮಾಸಲು ಹಸಿರು. ಗೊತ್ತಿಲ್ಲದ ಬಾವುಟ ತಮ್ಮ ಮನೆಯ ಮೇಲೇ ಹಾರುವುದು ಅವರ ಮಟ್ಟಿಗೆ ದೊಡ್ಡ ಅವಮಾನವೇ ಆಗಿತ್ತು.

ಅದೂ ಎಂಥ ಹೊತ್ತಿನಲ್ಲಿ. ೧೯೬೫ರ ಸೆಪ್ಟೆಂಬರ್, ಯುದ್ಧ ಶುರುವಾಗಿ ಒಂಬತ್ತು ದಿನ. ಶತ್ರುಗಳು ಪ್ಯಾರಾಚೂಟಿನಲ್ಲಿ ಇಳಿಯುತ್ತಾರಂತೆ, ಗೂಢಚಾರರು ಮನೆಯ ಮೇಲೆ ಗುರುತು ಇಡುತ್ತಾರಂತೆ ಎಂದು ಹೋಟೆಲಿನ ಪ್ರತಿ ಮೇಜಿನ ಮೇಲೂ ಕಾಫಿಗಿಂತ ಮೊದಲು ಸುದ್ದಿ ಬಂದು ಕೂರುತ್ತಿತ್ತು. ಜನವರಿಯ ಹಿಂದಿ ಗಲಾಟೆಯಲ್ಲಿ ಮನೆಗಳ ಮೇಲೆ ಕಪ್ಪು ಬಾವುಟ ಕಂಡಿದ್ದ ಪೊಲೀಸರಿಗಂತೂ ತಾರಸಿಯ ಮೇಲೆ ಬಟ್ಟೆ ಅಲುಗಿದರೆ ಮೈಯೆಲ್ಲ ಕಣ್ಣು.

ಗೇಟಿನಲ್ಲಿ ಮನೆಯೊಡತಿ ಅಂಬುಜಮ್ಮ ಕಾದು ನಿಂತಿದ್ದರು. "ಐತಾಳ್ ಸಾರ್, ಉಂಗ ವೀಟ್ಟಮ್ಮಾ ಕೊಡಿ ಏತ್ತಿಟ್ಟಾಂಗ," ಎಂದರು. ನಿಮ್ಮ ಹೆಂಡತಿ ಕೊಡಿ ಏರಿಸಿಬಿಟ್ಟರು ಎಂದು. ಹನ್ನೆರಡು ಗಂಟೆಗೆ ಏರಿಸಿದ್ದು, ಆಮೇಲೆ ಒಂದು ಗುಟುಕು ನೀರು ಮುಟ್ಟಿಲ್ಲ ಎಂದೂ ಸೇರಿಸಿದರು.

ಕೊಡಿ ಎಂದರೆ ಬಾವುಟ ಎಂದು ತಮಿಳರಿಗಾಗಲಿ ಕುಂದಾಪುರದ ಕಡೆಯವರಿಗಾಗಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ಐತಾಳರ ಕಾಲು ಮೆಟ್ಟಿಲ ಬುಡದಲ್ಲಿ ನಿಂತಿತು. ಸೇನೆಯ ಬಾವುಟವಾದರೆ ಅವರು ಹೆದರುತ್ತಿರಲಿಲ್ಲ. ಇದು ಊರಿನ ದೇವಸ್ಥಾನದ ಕೊಡಿಯ ಮಾತು. ಉತ್ಸವಕ್ಕೆ ಕೊಡಿ ಏರಿತೆಂದರೆ ಅದು ಇಳಿಯುವ ತನಕ ಊರಿನವರು ಯಾರೂ ಗಡಿಯಾಚೆ ಒಂದು ರಾತ್ರಿ ಕಳೆಯುವಂತಿಲ್ಲ. ಹಗಲು ಎಲ್ಲಿಗೆ ಹೋದರೂ ಕತ್ತಲೆಗೆ ಮುಂಚೆ ಮನೆ ಸೇರಬೇಕು. ದಾಟಿ ಹೋದವನು ತಿರುಗಿ ಬರುವುದಿಲ್ಲ ಎಂಬುದು ಹಿರಿಯರ ಮಾತು.

ಮನೆಯಲ್ಲಿ ಆ ಸಂಜೆ ಗಡಿ ದಾಟಬೇಕಾದವಳು ಒಬ್ಬಳಿದ್ದಳು.

ಮಗಳು ವಿಮಲಾ ನಡುಮನೆಯಲ್ಲಿ ಕರಿ ಟ್ರಂಕಿನ ಮೇಲೆ ಕೂತಿದ್ದಳು. ಮಿಲಿಟರಿ ಆಸ್ಪತ್ರೆಯ ನರ್ಸ್, ಲೆಫ್ಟಿನೆಂಟ್. ಹದಿನೈದು ದಿನದ ರಜೆಗೆ ಬಂದವಳಿಗೆ ಹನ್ನೊಂದನೆಯ ದಿನ ತಂತಿ ಬಂದಿತ್ತು: ರಜೆ ರದ್ದು, ಕೂಡಲೇ ಅಂಬಾಲಕ್ಕೆ ಹೊರಡು. ಗಾಡಿ ಐದೂಕಾಲಕ್ಕೆ. ನಾಲ್ಕೂವರೆಗೆ ಸೆಂಟ್ರಲ್ ಸ್ಟೇಷನ್ನಿನ ಮಿಲಿಟರಿ ಆಫೀಸರಿಗೆ ಮುಖ ತೋರಿಸಬೇಕು. ಮನೆ ಬಿಡಲು ಮೂರೂವರೆಗಿಂತ ತಡವಾಗುವಂತಿಲ್ಲ. ಐತಾಳರು ಗಡಿಯಾರ ನೋಡಿದರು, ಎರಡೂ ಹತ್ತು.

"ಅಮ್ಮ ಎಂತ ಹೇಳಿದಳು?"

"ಹೋಗಬೇಡ ಅಂತ ಹೇಳಲಿಲ್ಲ ಅಪ್ಪಯ್ಯ. ಕೊಡಿ ಏರಿಯಾಯಿತು, ದಾಟುವುದಾದರೆ ದಾಟು ಅಂದಳು. ಅಷ್ಟೇ."

"ಹೊರಡು ಮತ್ತೆ. ಯುದ್ಧಕಾಲದಲ್ಲಿ ಹಾಜರಾಗದಿದ್ದರೆ ಎಂತ ಆಗ್ತದೆ ಅಂತ ಗೊತ್ತುಂಟಲ್ಲ."

"ಗೊತ್ತುಂಟು. ನಾನು ದಾಟಿಯೇನು." ವಿಮಲಾ ತಂದೆಯ ಮುಖ ನೋಡಲಿಲ್ಲ. "ಆದರೆ ಅಮ್ಮ ಆಮೇಲೆ ಒಂದು ತುತ್ತು ತಿನ್ನುವುದಿಲ್ಲ. ನಾನು ತಿರುಗಿ ಬರುವ ತನಕ ಅವಳು ಇರುವುದಿಲ್ಲ. ಕೊಡಿ ಅವಳ ಕೈಯಿಂದಲೇ ಇಳಿಯುವ ಹಾಗೆ ಮಾಡಿ ಅಪ್ಪಯ್ಯ. ನಾನು ಇಲ್ಲೇ ಕೂತಿರ್ತೇನೆ."

ಆ ಹುಡುಗಿ ಮೂರೂವರೆ ವರ್ಷದ ಹಿಂದೆ ಊರಿನ ಜಗಲಿಯ ಮೇಲೆ ನಿಂತು ಎಲ್ಲವನ್ನೂ ಕಣ್ಣಾರೆ ನೋಡಿದ್ದಳು.

ಅದು ೧೯೬೨ರ ಮಾರ್ಚ್. ಮಗ ಮುರಳೀಧರ, ಅಪ್ಪನ ಹಾಗೆಯೇ ಸಿಗ್ನಲ್ಸ್ ಸೇರಿದವನು, ರಜೆಗೆ ಬಂದು ಎಲ್ಲರೊಡನೆ ಊರಿಗೆ ಹೋಗಿದ್ದ. ಕೊಡಿ ಏರಿತ್ತು. ಇನ್ನೆರಡು ದಿನಕ್ಕೆ ಇಳಿಯುತ್ತಿತ್ತು. ಅಷ್ಟರಲ್ಲಿ ಅವನ ರಜೆ ಮುಗಿಯಿತು. ಒಂದು ತಂತಿ ಕೊಟ್ಟು ಎರಡು ದಿನ ರಜೆ ಕೇಳಿ ಎಂದು ಚಂದ್ರಮತಿ ಗಂಡನ ಹತ್ತಿರ ಅಂಗಲಾಚಿದಳು. ಹುಡುಗನೂ ಬಾಯಿಬಿಟ್ಟು ಹೇಳದಿದ್ದರೂ ಅಪ್ಪನ ಮುಖ ನೋಡುತ್ತ ನಿಂತಿದ್ದ. "ರಜೆ ಮುಗಿಯಿತು ಅಂದರೆ ಮುಗಿಯಿತು. ಸೇನೆಗೆ ಕೊಡಿ ಗಿಡಿ ಅಂತ ಉಂಟಾ?" ಎಂದು ಹೇಳಿ ಐತಾಳರು ತಾವೇ ಮಗನ ಹೋಲ್ಡಾಲ್ ಹೊತ್ತು ರಾತ್ರಿಯ ಬಸ್ಸು ಹತ್ತಿಸಿದರು. ನವೆಂಬರಿನ ಯುದ್ಧದಲ್ಲಿ ಈಶಾನ್ಯ ಗಡಿಯ ನೇಫಾದ ಬೆಟ್ಟದಲ್ಲಿ ಹುಡುಗ ಕಾಣೆಯಾದ. ಮೊದಲು ಬಂದ ತಂತಿ ಕಾಣೆಯಾಗಿದ್ದಾರೆ ಎಂದಿತು, ಮರುವರ್ಷ ಬಂದ ಕಾಗದ ಮೃತರಾಗಿರಬೇಕೆಂದು ತಿಳಿಯಲಾಗಿದೆ ಎಂದಿತು. ಕ್ರಿಯೆ ಮಾಡಿ ಮುಗಿಸುವ ಎಂದು ಐತಾಳರು ಎರಡು ವರ್ಷದಿಂದ ಹೇಳುತ್ತಿದ್ದರು. ಚಂದ್ರಮತಿ ಒಪ್ಪಲೇ ಇಲ್ಲ. "ಕೊಡಿ ದಾಟಿ ಹೋದವ. ದಾರಿ ತಪ್ಪಿದ್ದಾನೆ," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗುತ್ತಿದ್ದಳು. ಗಂಡನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಐತಾಳರು ಒಂದಿಷ್ಟು ನಿದ್ದೆ ಮಾಡುತ್ತಿದ್ದರೋ ಏನೋ.

ಅವರು ತಾರಸಿ ಹತ್ತಿದಾಗ ಚಂದ್ರಮತಿ ಬಿದಿರಿಗೆ ಬೆನ್ನು ಕೊಟ್ಟು ಬಿಸಿಲಿನಲ್ಲೇ ಕೂತಿದ್ದಳು. ಬಟ್ಟೆ ಒಣಹಾಕುವ ಬಿದಿರನ್ನೇ ನೀರಿನ ಪೈಪಿಗೆ ಬಿಗಿದು ಕಟ್ಟಿದ್ದಳು. ತುದಿಯಲ್ಲಿ ಕೊಡಿ ಪಟಪಟ ಎನ್ನುತ್ತಿತ್ತು.

"ಇದು ಕೊಡಿ ಅಲ್ಲ ಮಾರಾಯ್ತಿ," ಎಂದರು ಐತಾಳರು, ಆದಷ್ಟು ಮೆದುವಾಗಿ. "ಕೊಡಿಗೆ ತಂತ್ರಿಗಳು ಬೇಕು, ಮಂತ್ರ ಬೇಕು, ಕೊಡಿಮರ ಬೇಕು. ಬಟ್ಟೆ ಹರಡುವ ಬಿದಿರಿಗೆ ಚಿಂದಿ ಕಟ್ಟಿದರೆ ಕೊಡಿ ಆಗ್ತದಾ?"

"ನಿಮ್ಮ ಮಕ್ಕಳು ಇಲ್ಲಿ ಬಾವುಟ ಏರಿಸುವಾಗ ಯಾವ ಸರಕಾರದ ಅಪ್ಪಣೆ ಇತ್ತು?" ಎಂದಳು ಅವಳು. "ಬಣ್ಣಕ್ಕೆ ಜವಾಬು ಇದ್ದರೆ ಬಾವುಟ ಅಂತ ಹೇಳಿದ್ದು ನೀವೇ. ಇದಕ್ಕೆ ಜವಾಬು ಉಂಟು."

ಅದು ಅವರದೇ ಮಾತು. ಮಕ್ಕಳು ಚಿಕ್ಕವರಿದ್ದಾಗ ಭಾನುವಾರ ಸಂಜೆ ಇದೇ ತಾರಸಿಯ ಮೇಲೆ ಅವರು ಬಾವುಟದ ಪಾಠ ಹೇಳುತ್ತಿದ್ದರು. ಬೇರೆಯವರ ಮಕ್ಕಳು ಮರೀನಾದಲ್ಲಿ ಸುಂಡಲ್ ತಿನ್ನುವ ಹೊತ್ತಿಗೆ ಐತಾಳರ ಮಕ್ಕಳು ಅಟೆನ್ಷನ್‌ನಲ್ಲಿ ನಿಂತಿರುತ್ತಿದ್ದರು. ಭೂಸೇನೆಗೆ ಕೆಂಪು, ನೌಕಾಸೇನೆಗೆ ಕಡುನೀಲಿ, ವಿಮಾನದವರಿಗೆ ಆಕಾಶನೀಲಿ. ಏರಿಸುವಾಗ ಚುರುಕು, ಇಳಿಸುವಾಗ ನಿಧಾನ. ಏರಿದ ಮೇಲೆ ಸೂರ್ಯ ಮುಳುಗುವ ತನಕ ಮುಟ್ಟಬಾರದು. ಪಲ್ಟನ್ನಿನ ನಿಶಾನೆ ಎಲ್ಲಿ ಹೋಗುತ್ತದೋ ಪಲ್ಟನ್ ಅಲ್ಲಿದೆ. ಸಾವಿರ ಜನ ಚದುರಿಹೋಗಿ ನಿಶಾನೆಯ ಸುತ್ತ ನಾಲ್ವರು ಉಳಿದರೂ ಪಲ್ಟನ್ ಉಳಿದಂತೆ. ಪಾಠವೆಲ್ಲ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮದೇ ಬಾವುಟ ಮಾಡಿ ತರಬೇಕು. ಷರತ್ತು ಒಂದೇ, ಪ್ರತಿ ಬಣ್ಣಕ್ಕೂ ಜವಾಬು. ವಿಮಲಾ ಹಳದಿ ಬಟ್ಟೆಗೆ ಹಸಿರು ಗಿಳಿ ಹೊಲಿದು ತಂದಳು. ಗಿಳಿ ಯಾಕೆ ಎಂದರೆ ಗಿಳಿ ಇಷ್ಟ ಎಂದಳು. ಇಷ್ಟ ಎಂಬುದು ಜವಾಬಲ್ಲ ಎಂದು ಅಪ್ಪಯ್ಯ ವಾಪಸು ಕಳಿಸಿದರು. ಮುರಳಿ ನೀಲಿಯ ಮೇಲೆ ಒಂದು ಬಿಳಿ ಚೌಕ ಇಟ್ಟು, "ಇದು ನಾನು ಇನ್ನೂ ನೋಡದ ಜಾಗ," ಎಂದಿದ್ದ. ಅದು ಪಾಸಾಯಿತು. ಅತ್ತ ಬಟ್ಟೆ ಒಣಹಾಕುತ್ತಿದ್ದ ಚಂದ್ರಮತಿ, "ನನಗೂ ಒಂದು ಮಾಡಬಹುದಾ?" ಎಂದು ಕೇಳಿದ್ದಳು. ಐತಾಳರು ನಕ್ಕುಬಿಟ್ಟಿದ್ದರು. "ನಿನಗೆ ಯಾವ ಪಲ್ಟನ್?" ಎಂದಿದ್ದರು. ಮಕ್ಕಳೂ ನಕ್ಕಿದ್ದರು.

ಈಗ ಅವರು ಹಗ್ಗಕ್ಕೆ ಕೈ ಹಾಕಿದರು. ಗಂಡ ಎಂಬ ಅಧಿಕಾರದಿಂದ ಇಳಿಸಿಬಿಡುವುದು, ಅತ್ತರೆ ಅಳಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಹಾಕಿದರು. ಆಗ ಗಾಳಿ ನಿಂತು ಕೊಡಿ ಜೋತುಬಿತ್ತು. ಹಸಿರು ಭಾಗದಲ್ಲಿ ಒಂದು ಗುಂಡಿ ಕಾಣಿಸಿತು. ಸೇನೆಯ ಅಂಗಿಯ ಗುಂಡಿ. ಮುರಳಿ ಆ ಸಲ ಒಗೆಯಲು ಹಾಕಿ, ಒಣಗುವ ಮೊದಲೇ ಬಸ್ಸಿಗೆ ಹೊತ್ತಾಯಿತೆಂದು ಬಿಟ್ಟು ಹೋದ ಅಂಗಿ.

ಐತಾಳರ ಕೈ ಅಲ್ಲೇ ನಿಂತಿತು. ಸೂರ್ಯ ಮುಳುಗುವ ಮೊದಲು ಬಾವುಟ ಇಳಿಸಬಾರದು ಎಂಬ ನಿಯಮ ನೆನಪಾಯಿತು ಎಂದು ಅವರು ಆಮೇಲೆ ಹೇಳಿಕೊಳ್ಳಬಹುದಿತ್ತು. ನಿಜವೆಂದರೆ ಅವರಿಗೆ ಧೈರ್ಯ ಸಾಲಲಿಲ್ಲ.

"ಬಿಳಿ ವಿಮಲಿಯ ಏಪ್ರನ್ನು," ಎಂದಳು ಚಂದ್ರಮತಿ, ತಿರುಗಿಯೂ ನೋಡದೆ. "ಅಂಚು ನನ್ನ ಧಾರೆ ಸೀರೆಯದು. ಹರಿಯುವಾಗ ಕೈ ನಡುಗಲಿಲ್ಲ."

"ನನ್ನದು ಯಾವುದು ಇದರಲ್ಲಿ?"

"ನಿಮ್ಮ ಕೈಯಲ್ಲೇ ಉಂಟಲ್ಲ."

ಅವರು ನೋಡಿದರು. ಸಿಗ್ನಲ್ಸ್ ಬಿಟ್ಟು ಬರುವಾಗ ತಂದ ಬಿಳಿ ಹಗ್ಗ. ಮಕ್ಕಳ ಬಾವುಟಗಳೆಲ್ಲ ಏರುತ್ತಿದ್ದದ್ದು ಅದರಲ್ಲೇ. ಟ್ರಂಕಿನ ತಳದಲ್ಲಿದ್ದದ್ದನ್ನು ಹುಡುಕಿ ತೆಗೆದಿದ್ದಳು.

"ಹತ್ತಿಸುವುದೆಲ್ಲ ಹಗ್ಗವೇ ಅಲ್ವಾ," ಎಂದಳು. "ಮಕ್ಕಳಿಬ್ಬರನ್ನೂ ಸೇನೆಗೆ ಹತ್ತಿಸಿದ್ದು ನೀವೇ."

ಮೂರು ವರ್ಷದ ಬೈಗುಳ ಒಂದೇ ಮಾತಿನಲ್ಲಿ ಬಂದಿತ್ತು, ಅದೂ ದನಿ ಏರಿಸದೆ. ಐತಾಳರು ಹಗ್ಗ ಬಿಟ್ಟು ಕಟ್ಟೆಯ ಮೇಲೆ ಕೂತರು. ಕೆಳಗೆ ಜನ ಹೆಚ್ಚಾಗಿದ್ದರು. ಯಾರೋ ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದಾರೆ ಎಂದು ಅಂಬುಜಮ್ಮ ಅಂಗಳದಿಂದ ಕೂಗಿ ಹೇಳಿದರು. ಎದುರು ಮನೆಯ ಗಡಿಯಾರ ಮೂರು ಹೊಡೆಯಿತು.

ಪೇದೆ ಬಂದಾಗ ಮೂರು ದಾಟಿ ಐದು ನಿಮಿಷ. ಕೆಂಪು ಟೊಪ್ಪಿ, ಗಂಜಿ ಹಾಕಿ ನಿಲ್ಲಿಸಿದ ಚಡ್ಡಿ, ಕೈಯಲ್ಲಿ ಲಾಠಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಹಿಂದೆಯೇ ವಿಮಲಾ ಓಡಿ ಬಂದಳು.

"ಯಾರ್ ಕೊಡಿ ಇದು? ಎಂದ ಕಚ್ಚಿ?" ಎಂದ. ಯಾವ ಪಕ್ಷದ್ದು ಎಂದು ಕೇಳಿದ್ದು.

ಪಕ್ಷದ್ದಲ್ಲ ಎಂದರು ಐತಾಳರು. ಹಾಗಾದರೆ ಯಾವ ದೇಶದ್ದು ಎಂದ. ಯಾವ ದೇಶದ್ದೂ ಅಲ್ಲ ಎಂದರು. ಪಕ್ಷವೂ ಇಲ್ಲದ ದೇಶವೂ ಇಲ್ಲದ ಬಾವುಟ ಯುದ್ಧದ ಹೊತ್ತಿನಲ್ಲಿ ಮನೆಯ ಮೇಲೆ ಯಾಕೆ ಹಾರುತ್ತಿದೆ, ಈಗಲೇ ಇಳಿಸಿ, ಇಲ್ಲವಾದರೆ ಬಿದಿರಿನ ಸಮೇತ ನೀವೂ ಠಾಣೆಗೆ ಬನ್ನಿ ಎಂದ. ಮಾತಿನಲ್ಲಿ ದ್ವೇಷ ಇರಲಿಲ್ಲ. ಮೇಲಿನವರು ಕೇಳಿದರೆ ಹೇಳಲು ಅವನಿಗೂ ಒಂದು ಜವಾಬು ಬೇಕಾಗಿತ್ತು.

ಠಾಣೆಗೆ ಹೋದರೆ ಗಾಡಿ ತಪ್ಪಿತು. ಪೇದೆಯೇ ಇಳಿಸಿದರೆ ಚಂದ್ರಮತಿ ಹೋದಳು. ಅವಳು ಎದ್ದು ಎರಡು ಕೈಯಿಂದಲೂ ಬಿದಿರನ್ನು ತಬ್ಬಿ ನಿಂತಿದ್ದಳು.

"ಬಣ್ಣಕ್ಕೆ ಅರ್ಥ ಹೇಳುತ್ತೇನೆ, ಕೇಳಿ," ಎಂದು ಐತಾಳರು ಎದ್ದು ನಿಂತರು. ತಮಗೇ ತಿಳಿಯದಂತೆ ಅಟೆನ್ಷನ್‌ನಲ್ಲಿ ನಿಂತಿದ್ದರು. ಹದಿನೈದು ವರ್ಷದ ಹೋಟೆಲ್ ತಮಿಳಿನಲ್ಲಿ ಶುರುಮಾಡಿದರು. ಬಿಳಿ ಎಂದರೆ ಇವಳು, ನನ್ನ ಮಗಳು, ಇವತ್ತು ಯುದ್ಧದ ಆಸ್ಪತ್ರೆಗೆ ಹೊರಟವಳು. ಕೆಂಪು ಎಂದರೆ ಇವಳಮ್ಮ, ಸುತ್ತಲೂ ಇದ್ದಾಳೆ ನೋಡಿ, ನಾಲ್ಕು ಕಡೆಯೂ. ಹಸಿರು...

ಹಸಿರಿಗೆ ಬಂದಾಗ ಅವರು ಅಂಗಿಯ ಗುಂಡಿಯ ಕಡೆ ಬೆರಳು ತೋರಿಸಿದರು.

"ಹಸಿರು ನನ್ನ ಮಗ. ನೇಫಾದಲ್ಲಿ ಹೋದ."

ಪೇದೆ ಟೊಪ್ಪಿ ತೆಗೆದು ಕಂಕುಳಿಗೆ ಸಿಕ್ಕಿಸಿದ. ಇದನ್ನು ಏರಿಸಿದ್ದು ಯಾಕೆ ಎಂದು ಈ ಸಲ ಮೆಲ್ಲಗೆ ಕೇಳಿದ. ವಿಮಲಾ ಊರಿನ ಕಟ್ಟಳೆ ಹೇಳಿದಳು. ಅಣ್ಣ ಕೊಡಿ ದಾಟಿ ಹೋದದ್ದನ್ನೂ ಹೇಳಿದಳು. ಪೇದೆ ತಲೆಯಾಡಿಸಿದ. ಅವನ ಊರು ಮಧುರೆಯ ಕಡೆ. ಅಲ್ಲಿಯೂ ಅಮ್ಮನವರ ಹಬ್ಬಕ್ಕೆ ಕಾಪು, ಅಂದರೆ ಕಂಕಣ, ಕಟ್ಟಿದ ಮೇಲೆ ಯಾರೂ ಊರು ಬಿಡುವುದಿಲ್ಲ. ಆಮೇಲೆ ಐತಾಳರ ಕಡೆ ತಿರುಗಿ, ಯಾವ ಕುಹಕವೂ ಇಲ್ಲದೆ ಕೇಳಿದ:

"ಕೊಡಿ ಏರಿತ್ತು ಅಂತೀರಿ. ಮತ್ತೆ ಯಾಕೆ ಸಾರ್ ಕಳಿಸಿದ್ರಿ?"

ಮೂರೂವರೆ ವರ್ಷದಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಬಂಧುಗಳು ಕೇಳಲಿಲ್ಲ, ಹೆಂಡತಿ ಕೇಳಲಿಲ್ಲ, ತಾವೂ ಕೇಳಿಕೊಳ್ಳಲಿಲ್ಲ. ಕೇಳಿದವನು ಹೆಸರು ಗೊತ್ತಿಲ್ಲದ ಒಬ್ಬ ಪೇದೆ. ಐತಾಳರು ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ಎರಡು ದಿನ ರಜೆ ಕೇಳಬಹುದಿತ್ತು. ಕೇಳಿದರೆ ಕೊಡುತ್ತಿದ್ದರು. ನಾನಿದ್ದಾಗ ಎಷ್ಟೋ ಜನಕ್ಕೆ ಕೊಟ್ಟದ್ದು ನೋಡಿದ್ದೇನೆ. ಐತಾಳನ ಮಗ ರಜೆ ಕೇಳಿದ ಅಂತ ಆಗಬಾರದು ಅಂತ ನಾನು ಕೇಳಲಿಲ್ಲ. ಸೇನೆಯ ನಿಯಮ ಅಲ್ಲ ಅದು, ನನ್ನ ಜಂಬ. ಅವನು ನನ್ನ ಮುಖ ನೋಡ್ತಾ ನಿಂತಿದ್ದ ಚಂದ್ರಮತಿ. ನನಗೆ ಗೊತ್ತಿತ್ತು. ನನ್ನದೇ ತಪ್ಪು."

ಚಂದ್ರಮತಿ ಬಿದಿರು ಬಿಡಲಿಲ್ಲ. ಆದರೆ ಹಣೆಯನ್ನು ಅದಕ್ಕೆ ಆನಿಸಿ ಗಟ್ಟಿಯಾಗಿ ಅತ್ತಳು. ತಂತಿ ಬಂದ ದಿನವೂ, ಕಾಗದ ಬಂದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ವಿಮಲಾ ಹೋಗಿ ಹಿಡಿದುಕೊಂಡಳು. ಪೇದೆ ಪಾಪ, ಎಲ್ಲಿ ನೋಡಬೇಕೆಂದು ತಿಳಿಯದೆ ಪಕ್ಕದ ಮನೆಯ ಉಪ್ಪಿನಕಾಯಿ ಜಾಡಿಗಳನ್ನು ನೋಡುತ್ತ ನಿಂತ.

ಅತ್ತು ಮುಗಿದ ಮೇಲೆ ಅವಳೇ ಕೊಡಿ ಇಳಿಸಬಹುದು ಎಂದು ಐತಾಳರು ಆಸೆಪಟ್ಟರು. ಅವಳು ಮೂಗು ಒರೆಸಿಕೊಂಡು, "ಇಳಿಸಲಿಕ್ಕೆ ನನ್ನಿಂದ ಆಗುವುದಿಲ್ಲ," ಎಂದಳು. "ಸಿಟ್ಟು ಅಲ್ಲ. ಕೈ ಬರುವುದಿಲ್ಲ."

ಮೂರೂ ಇಪ್ಪತ್ತು.

ಐತಾಳರು ಬಿದಿರಿನ ಬುಡ ನೋಡಿದರು, ಪೈಪಿಗೆ ಕಟ್ಟಿದ ಗಂಟು ನೋಡಿದರು. ಬರ್ಮಾದಿಂದ ಹಿಂದೆ ಬರುವಾಗ ಕಂಡದ್ದೊಂದು ನೆನಪಾಯಿತು. ಅರ್ಧಕ್ಕರ್ಧ ಸತ್ತು, ಉಳಿದವರು ಜ್ವರದಲ್ಲಿ ತೂರಾಡುತ್ತಿದ್ದ ಪಲ್ಟನ್ನಿನ ಮುಂದೆ ಒಬ್ಬ ಜಮೇದಾರ ಮುರಿದ ಕೋಲಿಗೆ ಕಂಪನಿಯ ಬಾವುಟ ಕಟ್ಟಿ ಹಿಡಿದು ನಡೆಯುತ್ತಿದ್ದ.

"ಇಳಿಸುವುದು ಬೇಡ," ಎಂದರು. "ಕೊಡಿಯೇ ಹೊರಡಲಿ."

ಚಂದ್ರಮತಿ ತಲೆ ಎತ್ತಿದಳು.

"ನಿಶಾನೆ ಎಲ್ಲಿ ಉಂಟೋ ಪಲ್ಟನ್ ಅಲ್ಲಿ. ಇಲ್ಲಿಂದ ಬಿಚ್ಚಿ ಹೀಗೇ ಎತ್ತಿ ಹಿಡಿದು ಹೋಗುವ. ಇಳಿಯಲಿಲ್ಲ. ವಿಮಲಿ ಕೊಡಿಯ ಅಡಿಯಲ್ಲೇ ಇರ್ತಾಳೆ. ಕೊಡಿಯ ಸಂಗಡ ಗಡಿಯೂ ಹೋಗ್ತದೆ. ಅಂಬಾಲದ ತನಕ ಹೋದರೂ ಅವಳು ದಾಟಿದ ಹಾಗಾಗುವುದಿಲ್ಲ."

ಇದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿದ್ದರೆ ಐತಾಳರ ಬಳಿ ಉತ್ತರ ಇರಲಿಲ್ಲ. ಚಂದ್ರಮತಿ ಕೇಳಲಿಲ್ಲ. ಕೊಡಿಯ ತುದಿಯನ್ನೊಮ್ಮೆ ನೋಡಿದಳು.

"ಕಟ್ಟೆಪೂಜೆಗೆ ದೇವರು ಹೊರಡುವಾಗ ನಿಶಾನೆ ಮುಂದೆ ಹೋಗ್ತದೆ," ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ದೇವರು ಹೊರಗೆ ಹೋದರೆ ಊರು ಬಿಟ್ಟ ಹಾಗೆ ಅಲ್ಲ." ಆಮೇಲೆ ಗಂಡನಿಗೆ, "ನೆಲಕ್ಕೆ ತಾಗಬಾರದು," ಎಂದಳು.

"ತಾಗುವುದಿಲ್ಲ."

ಪೈಪಿನ ಗಂಟು ಬಿಚ್ಚಿದ್ದು ಅವಳೇ. ಬಿದಿರಿನ ಭಾರ ತಮ್ಮ ಭುಜಕ್ಕೆ ಬಂದಾಗ ಐತಾಳರ ಐವತ್ತೆರಡು ವರ್ಷದ ಸೊಂಟ ಕಟಕ್ ಎಂದಿತು. ಮೆರವಣಿಗೆಗೆ ಪರ್ಮಿಷನ್ ಬೇಕು ಎಂದು ಪೇದೆ ಶುರುಮಾಡಿದ. ಮೂರು ಜನ ಮೆರವಣಿಗೆ ಆಗುವುದಿಲ್ಲ ಎಂದರು ಐತಾಳರು. ಜೀವಮಾನದಲ್ಲಿ ಒಂದು ನಿಯಮ ಮುರಿಯದವರು ಈಗ ನಿಲ್ಲದೆ ಮೆಟ್ಟಿಲು ಇಳಿಯತೊಡಗಿದ್ದರು. ಪೇದೆ ಒಂದು ಗಳಿಗೆ ನಿಂತು, ಟೊಪ್ಪಿ ಹಾಕಿಕೊಂಡು, ನಡುಮನೆಗೆ ಇಳಿದು ವಿಮಲಾಳ ಟ್ರಂಕನ್ನು ತಾನೇ ತಲೆಗೇರಿಸಿದ. ಬೀದಿಯ ಜನ ಏನೂ ತಿಳಿಯದಿದ್ದರೂ ದಾರಿ ಬಿಟ್ಟರು. ಅಂಬುಜಮ್ಮ ಗೇಟಿನ ಹತ್ತಿರ ಕೈಮುಗಿದರು, ಕೊಡಿಗೋ ಟ್ರಂಕಿಗೋ ಗೊತ್ತಾಗಲಿಲ್ಲ.

ನುಂಗಂಬಾಕ್ಕಂ ಸ್ಟೇಷನ್ನಿನಲ್ಲಿ ಇನ್ನೊಂದು ಕಂಟಕ ಕಾದಿತ್ತು. ಎಲೆಕ್ಟ್ರಿಕ್ ರೈಲಿನ ತಂತಿ ತಲೆಯ ಮೇಲೆ. ಎತ್ತಿ ಹಿಡಿದರೆ ಬಿದಿರು ಅದಕ್ಕೆ ತಗಲುತ್ತದೆ. ಇಳಿಸಿದರೆ ಇಳಿಯಿತು. ಐತಾಳರು ಬಿದಿರನ್ನು ಓರೆ ಮಾಡಿ ಡಬ್ಬಿಯೊಳಗೆ ತೂರಿಸಿ, ಕೊಡಿಯ ತುದಿ ತಮ್ಮ ಎದೆಯ ಮಟ್ಟಕ್ಕೆ ಇರುವಂತೆ ಬಾಗಿಲಲ್ಲಿ ನಿಂತರು. ಬಟ್ಟೆ ಕೆಳಗೆ ಜೋಲದ ಹಾಗೆ ಚಂದ್ರಮತಿ ಒಂದು ಮೂಲೆ ಹಿಡಿದಳು, ವಿಮಲಾ ಇನ್ನೊಂದು ಮೂಲೆ. ಪೇದೆ ಟ್ರಂಕನ್ನು ಅವರ ಕಾಲ ಬಳಿ ಇಟ್ಟು ಇಳಿದುಹೋದ. ಚೆಟ್‌ಪಟ್‌ನಲ್ಲಿ ಹತ್ತಿದ ಒಬ್ಬ ಮೀನಿನ ಬುಟ್ಟಿಯ ಹೆಂಗಸು ಬೈಯುತ್ತಲೇ ಬಗ್ಗಿ ಒಳಗೆ ನುಸುಳಿದಳು. ಎಗ್ಮೋರಿನಲ್ಲಿ ಗಾಡಿ ಸುಮ್ಮನೆ ಆರು ನಿಮಿಷ ನಿಂತಿತು. ಬಿದಿರು ಹಿಡಿದ ಕೈಯನ್ನು ಐತಾಳರು ಎರಡು ಸಲ ಬದಲಿಸಿದರು. ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು, ಕೂಲಿಯ ತಲೆಗೆ ಟ್ರಂಕು ಹೊರಿಸಿ, ರಸ್ತೆ ದಾಟಿ, ಸೆಂಟ್ರಲ್ಲಿನ ಪ್ಲಾಟ್‌ಫಾರಮ್ಮಿಗೆ ಓಡಿದಾಗ ನಾಲ್ಕು ಮುಕ್ಕಾಲು.

ಮಿಲಿಟರಿ ಆಫೀಸರ್ ಪಟ್ಟಿ ಹಿಡಿದು ನಿಂತಿದ್ದ, ಎಳೆಯ ಪಂಜಾಬಿ ಕ್ಯಾಪ್ಟನ್. ಹದಿನೈದು ನಿಮಿಷ ತಡ ಎಂದು ಗಡಿಯಾರ ತೋರಿಸಿದ. ವಿಮಲಾಳ ಹೆಸರಿಗೆ ಗುರುತು ಹಾಕುವಾಗ ಅವನ ಕಣ್ಣು ಬಿದಿರಿನ ತುದಿಗೆ ಹೋಯಿತು.

"ಯಾವ ಯೂನಿಟ್ಟಿನ ಬಾವುಟ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮ ಮನೆಯದು ಸರ್," ಎಂದಳು ವಿಮಲಾ.

ಕ್ಯಾಪ್ಟನ್ ಇನ್ನೇನೋ ಕೇಳುವುದಿತ್ತು. ಹಸಿರು ಬಟ್ಟೆಯ ಗುಂಡಿ ಕಂಡ ಮೇಲೆ ಕೇಳಲಿಲ್ಲ. ಹತ್ತಿ ಎಂದು ಕೈ ತೋರಿಸಿದ.

ಈ ಗಾಡಿಯ ಡಬ್ಬಿಯೊಳಗೆ ಬಿದಿರು ಹೋಗುವಂತಿರಲಿಲ್ಲ. ವಿಮಲಾ ಒಳಗಿನಿಂದ ಕಿಟಕಿಯ ಸರಳಿನ ನಡುವೆ ಕೈ ಚಾಚಿದಳು. ಐತಾಳರು ಬಿದಿರನ್ನು ಕಿಟಕಿಗೆ ಒರಗಿಸಿ ಹಗ್ಗ ಬಿಚ್ಚತೊಡಗಿದರು. ಬಿಚ್ಚುವಷ್ಟು ಹೊತ್ತು ಚಂದ್ರಮತಿ ಕೊಡಿಯನ್ನು ಎರಡು ಕೈಯಲ್ಲಿ ಎತ್ತಿ ತಲೆಯ ಮೇಲೆ ಹಿಡಿದಿದ್ದಳು. ವಿಮಲಾ ಹಗ್ಗವನ್ನು ಮೇಲಿನ ಸರಳಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಅದು ಭಾನುವಾರದ ಪಾಠದಲ್ಲಿ ಅಪ್ಪಯ್ಯ ಕಲಿಸಿದ ಗಂಟು. ಈಗ ಮಾತ್ರ ಚಂದ್ರಮತಿ ಕೈ ಬಿಟ್ಟಳು.

"ಊಟಕ್ಕೆ ಕಟ್ಟಿಕೊಡಲಿಲ್ಲ ನಾನು," ಎಂದಳು.

"ನೀನು ಊಟ ಮಾಡಮ್ಮ. ನಾನು ಹೇಗೂ ಕೊಡಿಯ ಒಳಗೇ ಇದ್ದೇನಲ್ಲ," ಎಂದಳು ಮಗಳು. ಗಾಡಿ ಹೊರಟಿತು. ಕಿಟಕಿಯಲ್ಲಿ ಕೆಂಪು ಅಂಚು ಬಹಳ ದೂರದ ತನಕ ಕಂಡಿತು. ಐತಾಳರಿಗೆ ಸೆಲ್ಯೂಟ್ ಹೊಡೆಯಬೇಕೆಂದು ಅನ್ನಿಸಿತು. ಎರಡೂ ಕೈಯಲ್ಲಿ ಬಿದಿರು ಇತ್ತು.

ಜನ ಕರಗಿದ ಮೇಲೆ ಇಬ್ಬರೂ ನಲ್ಲಿಯ ಹತ್ತಿರ ಬಂದರು. ಚಂದ್ರಮತಿ ಬೊಗಸೆಯೊಡ್ಡಿ ನೀರು ಕುಡಿದಳು. ಮತ್ತೊಮ್ಮೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಗಂಡನ ಕೈಯ ಬೋಳು ಬಿದಿರನ್ನು ನೋಡಿದಳು.

"ನಿಮ್ಮ ಹಗ್ಗವೂ ಹೋಯ್ತು," ಎಂದಳು.

"ಹೋಗಲಿ."

"ಮುರಳಿಯ ಅಂಗಿಯೂ ಹೋಯ್ತು." ಅವಳು ಹಳಿಯ ಕಡೆ ತಿರುಗಿದ್ದಳು. "ಅಂಗಿ ಹರಿಯುವಾಗಲೇ ನನಗೆ ಗೊತ್ತಾಯಿತು. ಬರುವವನ ಅಂಗಿ ಯಾರೂ ಹರಿಯುವುದಿಲ್ಲ. ನಾಳೆ ಭಟ್ಟರ ಹತ್ತಿರ ಮಾತಾಡಿ. ಅವನದ್ದು ಮಾಡಿ ಮುಗಿಸುವ."

ಎರಡು ವರ್ಷದಿಂದ ಇದೇ ಮಾತನ್ನು ಹೇಳುತ್ತಿದ್ದವರು ಸುಬ್ರಾಯ ಐತಾಳರು. ಈಗ ಅವಳ ಬಾಯಿಂದ ಬಂದಾಗ ಅವರು ಬಿದಿರನ್ನೇ ಊರಿಕೊಂಡು ನಿಲ್ಲಬೇಕಾಯಿತು. ಊರಿನ ಉತ್ಸವಕ್ಕೆ ಹೋದದ್ದು ಬಿಟ್ಟರೆ ಹೋಟೆಲಿನಲ್ಲಿ ಹದಿನೈದು ವರ್ಷ ಒಂದು ದಿನವೂ ತಪ್ಪಿಸದ ಮನುಷ್ಯ. ಮುರಳಿಯ ತಂತಿ ಬಂದ ದಿನವೂ ಸಂಜೆಯ ಪಾಳಿಗೆ ಹೋಗಿ ಕೂತಿದ್ದರು.

"ಎರಡು ದಿನ ರಜೆ ಕೇಳ್ತೇನೆ," ಎಂದರು.